ಮೂರನೆಯ ಮೆಟ್ಟಿಲ ಜೋಡಿ ಕಲ್ಲು

ನೀರಿನ ತಳದಲ್ಲಿ ಏನೇನು ಕಂಡಿರಿ ಎಂದು ಜನ ನನ್ನನ್ನು ಕೇಳುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಕಾಲಿಗೆ ಬಾತುಕೋಳಿಯ ಪಾದ ತೊಟ್ಟು ಮುಳುಗುವವರನ್ನು ಟೀವಿಯಲ್ಲಿ ನೋಡಿ ಬಂದವರು ಅವರು. ಬಣ್ಣದ ಮೀನು, ಮುರಿದ ಹಡಗು ಅಂತ ಏನಾದರೂ ಹೇಳಲಿ ಎಂದು ಬಾಯಿ ಬಿಟ್ಟುಕೊಂಡು ಕೂರುತ್ತಾರೆ. ನಾನು ಮುಳುಗಿದ್ದು ಭಂಕೂರದ ಹತ್ತಿರದ ಒಂದು ಕಲ್ಲಿನ ಖಣಿಯಲ್ಲಿ. ಮೈಮೇಲೆ ಒಂದು ಲಂಗೋಟಿ, ಬೇಗ ತಳ ಮುಟ್ಟಲಿ ಎಂದು ಕೈಯಲ್ಲೊಂದು ಗುಂಡುಕಲ್ಲು, ಕಿವಿಯಲ್ಲಿ ಎಣ್ಣೆಯ ಹತ್ತಿ. ಅಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕಂಡದ್ದೆಲ್ಲ ಕೈಗೆ ಕಂಡದ್ದು. ಹೀಗೆ ಹೇಳಿದರೆ ಕೇಳಿದವರಿಗೆ ನಿರಾಸೆಯಾಗುತ್ತದೆ. ಆಗಲಿ, ನನಗೇನು.

ನಮ್ಮ ಕಡೆಯ ನೆಲ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಶಹಾಬಾದದ ಸುತ್ತಮುತ್ತ ಮೇಲಿನ ಕರಿಮಣ್ಣು ತೆಗೆದರೆ ಕೆಳಗೆ ಕಲ್ಲು, ಪುಸ್ತಕದ ಹಾಳೆಯ ಹಾಗೆ ಒಂದರ ಮೇಲೊಂದು ಮಲಗಿದ ಕಲ್ಲು. ಅದನ್ನು ಎಬ್ಬಿಸಿ, ಚೌಕಾಗಿ ಕಡಿದು, ಒಂದು ಮುಖ ಉಜ್ಜಿ ನುಣುಪು ಮಾಡಿದರೆ ಅದೇ ಫರ್ಸಿ. ಎಲ್ಲೆಲ್ಲಿಯ ಊರಿನ ಜನರೋ ಅದರ ಮೇಲೆ ನಡೆಯುತ್ತಾರೆ, ಅದನ್ನು ಕಡಿದವನ ಬೆರಳು ಎಷ್ಟು ಉಳಿದಿವೆ ಎಂದು ಒಬ್ಬರೂ ಕೇಳುವುದಿಲ್ಲ. ಖಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತ ಕೆಳಗಿಳಿಯುತ್ತಿದ್ದೆವು. ನಮ್ಮ ಖಣಿಗೆ ಅಂಥ ನಾಲ್ಕು ಮೆಟ್ಟಿಲು, ಒಂದೊಂದೂ ಆಳೆತ್ತರ. ಮೇಲಿನಿಂದ ಮೂರನೆಯದು ಎಲ್ಲಕ್ಕಿಂತ ಅಗಲ. ತಯಾರಾದ ಫರ್ಸಿಗಳನ್ನು ಅಲ್ಲಿ ಒಟ್ಟುತ್ತಿದ್ದೆವು.

ಒಟ್ಟುವುದಕ್ಕೂ ಒಂದು ಪದ್ಧತಿ ಇತ್ತು. ಉಜ್ಜಿದ ಎರಡು ಫರ್ಸಿಗಳನ್ನು ಮುಖಕ್ಕೆ ಮುಖ ಇಟ್ಟು, ನಡುವೆ ಹುಲ್ಲು ಹಾಸಿ, ನಾರಿನ ಹಗ್ಗದಿಂದ ಬಿಗಿದು ಕಟ್ಟಬೇಕು. ಅದಕ್ಕೆ ಜೋಡಿ ಎನ್ನುತ್ತಿದ್ದೆವು. ಒಮ್ಮೆ ಕಟ್ಟಿದ ಜೋಡಿಯನ್ನು, ಕಲ್ಲು ಹಾಸುವ ಮನೆ ಮುಟ್ಟುವವರೆಗೆ ಯಾರೂ ಬಿಚ್ಚುವಂತಿಲ್ಲ. ಬಿಚ್ಚಿದರೆ ನಡುವೆ ಮರಳು ಸೇರಿ ಮುಖದ ಮೇಲೆ ಗೀರು ಬೀಳುತ್ತದೆ. ಇನ್ನೊಂದು ಪದ್ಧತಿ, ಕಡಿದವನು ಕಲ್ಲಿನ ಅಂಚಿಗೆ ತನ್ನ ಗುರುತು ಹೊಡೆಯುವುದು. ಓದು ಬರಹ ಬಾರದ ನಮಗೆ ಅದೇ ಸಹಿ.

ಇದನ್ನೆಲ್ಲ ನನಗೆ ಕಲಿಸಿದವರು ನಮ್ಮ ಖಣಿಯ ಮುಕಾದಮರು. ಆಳುಗಳಿಂದ ಕೆಲಸ ತೆಗೆಯುವ ಹಿರಿಯ ಮುಸಲ್ಮಾನರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಕಲ್ಲಿನ ಧೂಳು ಕುಡಿದೂ ಕುಡಿದೂ ನನ್ನ ಅಪ್ಪ ಕೆಮ್ಮುತ್ತ ಸತ್ತ ಮೇಲೆ ನನ್ನ ಕೈಗೆ ಉಳಿ ಕೊಟ್ಟವರು ಅವರು. ಮಳೆಗಾಲದಲ್ಲಿ ಅರ್ಧ ತುಂಬಿದ ಖಣಿಯಲ್ಲಿ ಈಜು, ಮುಳುಗು ಕಲಿಸಿದವರೂ ಅವರೇ. ನೀರಿಗೆ ಹಾರುವ ಮುಂಚೆ ಪ್ರತಿ ಸಲವೂ ಕೇಳುತ್ತಿದ್ದರು: "ಲಿಂಗಾ ಬಿಗಿ ಕಟ್ಟಿಯೇನೋ? ನೀರಾಗ ಬಿದ್ದು ಹೋದ್ರ ನಿಮ್ಮವ್ವ ನನ್ನ ಹಿಡೀತಾಳ." ನನ್ನ ಕೊರಳಿನ ಲಿಂಗದ ಚಿಂತೆ ನನಗಿಂತ ಅವರಿಗೇ ಹೆಚ್ಚಿತ್ತು.

ಒಮ್ಮೆ ಕುತೂಹಲಕ್ಕೆ ಒಂದು ಜೋಡಿಯ ಹಗ್ಗ ಸಡಿಲಿಸಿ ಒಳಗಿನ ಹೊಳಪು ನೋಡುತ್ತಿದ್ದೆ. ಹಿಂದಿನಿಂದ ಬಂದು ಕಪಾಳಕ್ಕೆ ಬಿಗಿದರು. "ಜೋಡಿ ಬಿಚ್ಚಬ್ಯಾಡ ಅಂದ್ರ ಬಿಚ್ಚಬ್ಯಾಡ. ಒಳಗ ಏನದ ಅಂತ ಕಟ್ಟಿದವಗ ಗೊತ್ತದ, ನಿಂಗ್ಯಾಕ ಬೇಕು?" ಎಂದರು. ಅವರು ನನಗೆ ಹೊಡೆದದ್ದು ಅದೊಂದೇ ಸಲ. ಅದನ್ನು ನಾನು ಮರೆತಿದ್ದರೆ ಎಷ್ಟೋ ಚೆನ್ನಾಗಿತ್ತು.

ನಲವತ್ತೆಂಟರ ಬೇಸಗೆಯಲ್ಲಿ ಚಾಚಾರ ಹೆಂಡತಿ ತೀರಿಕೊಂಡರು. ನನ್ನ ಡಬ್ಬಿಯ ಒಣರೊಟ್ಟಿ ನೋಡಿ, ಗಂಡನ ಬುತ್ತಿಯ ಜೊತೆ ನನಗೂ ಒಂದು ಹಿಡಿ ಪಲ್ಯ ಕಟ್ಟಿ ಕಳಿಸುತ್ತಿದ್ದ ಹೆಂಗಸು. ನಮ್ಮಲ್ಲೂ ಹೂಳುವುದೇ ಪದ್ಧತಿಯಾದ್ದರಿಂದ ಮಣ್ಣು ಕೊಡಲು ಹೋದಾಗ ನನಗೆ ಬೇರೆ ಅನಿಸಲಿಲ್ಲ. ಮುಕಾದಮರಾದ ಮೇಲೆ ಉಳಿ ಮುಟ್ಟದಿದ್ದ ಚಾಚಾ ಮನೆಯಲ್ಲಿ ಕೂತು, ಒಂದು ಫರ್ಸಿಯ ಮುಖಕ್ಕೆ ಹೆಂಡತಿಯ ಹೆಸರು ಕೆತ್ತಲು ತೊಡಗಿದರು. ಗೋರಿಯ ಮಣ್ಣು ಒಂದು ಮಳೆಗಾಲ ಕುಂತು ಗಟ್ಟಿಯಾಗಬೇಕು, ಆಮೇಲೆ ಕಲ್ಲು ನಿಲ್ಲಿಸಬೇಕು. ಅದಕ್ಕೇ ಅವಸರ ಇರಲಿಲ್ಲ. ಅವರು ಕೆತ್ತುತ್ತಿದ್ದಾರೆಂದು ಕೇಳಿದ್ದೆನೇ ಹೊರತು ಆ ಕಲ್ಲನ್ನು ನಾನು ನೋಡಿರಲಿಲ್ಲ.

ಆ ಮಳೆಗಾಲ ಕಲ್ಲು ನಿಲ್ಲಿಸುವ ಮಳೆಗಾಲವಾಗಿರಲಿಲ್ಲ. ಮೊದಲು ಸರಕಾರದ ಪರ ನಿಂತ ಒಂದು ಗುಂಪು ಬಂದೂಕು ಹಿಡಿದು ಬಂದು ನಮ್ಮವರ ಮನೆಗಳಿಗೆ ಬೆಂಕಿಯಿಟ್ಟಿತು. ಸೆಪ್ಟೆಂಬರಿನಲ್ಲಿ ದಂಡು ಬಂತು, ನಮ್ಮನ್ನು ಆಳುತ್ತಿದ್ದ ಹೈದರಾಬಾದಿನ ಸರಕಾರ ಬಿತ್ತು. ಆಮೇಲೆ ನಮ್ಮವರು ಎನಿಸಿಕೊಂಡವರು ಮುಸಲ್ಮಾನರ ಮನೆಗಳಿಗೆ ಹೊರಟರು. ಮೊದಲಿನದನ್ನು ಹೇಳುವವರು ಎರಡನೆಯದನ್ನು ಹೇಳುವುದಿಲ್ಲ, ಎರಡನೆಯದನ್ನು ಹೇಳುವವರು ಮೊದಲಿನದನ್ನು ನುಂಗುತ್ತಾರೆ. ನಾನು ಎರಡನ್ನೂ ಕಂಡೆ. ಎರಡು ಸಲವೂ ಬಾಯಿ ಮುಚ್ಚಿಕೊಂಡಿದ್ದೆ.

ಒಂದು ಮಧ್ಯಾಹ್ನ ಚಾಚಾ ನಮ್ಮ ಮನೆಯ ಬಾಗಿಲು ಬಡಿದರು. ಅವ್ವ ನನ್ನ ಮುಖ ನೋಡಿದಳು. ನಾನು ಜೋಳದ ಚೀಲಗಳ ಹಿಂದೆ ಸರಿದೆ. ಇಪ್ಪತ್ತೆರಡು ವರ್ಷದ ಗಂಡಸು, ಐದು ಮಣ ಕಲ್ಲು ಅಲುಗಿಸುವವನು, ಜೋಳದ ಚೀಲದ ಹಿಂದೆ.

"ಮನ್ಯಾಗ ಇಲ್ರಿ," ಎಂದಳು ಅವ್ವ, ಅರ್ಧ ಬಾಗಿಲು ತೆರೆದು.

"ಬಂದ್ರ ಹೇಳ್ರಿ ಅಕ್ಕಾ. ಒಂದ್ ಕೆಲಸ ಇತ್ತು, ಇಬ್ಬರ ಕೆಲಸ. ಹೊತ್ತು ಮುಳುಗೋತನ ಖಣಿ ಹತ್ರ ಇರ್ತೀನಿ."

ಹೊತ್ತು ಮುಳುಗಿತು. ನಾನು ಹೋಗಲಿಲ್ಲ. ಮರುದಿನ ಅವರ ಮನೆಗೆ ಬೀಗ ಬಿದ್ದಿತ್ತು. ವಾಡಿಯಿಂದ ಹೈದರಾಬಾದಿಗೆ ಹೋದರಂತೆ ಎಂದು ಯಾರೋ ಅಂದರು. ಬದುಕಿದರಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹೇಡಿಗೆ ಸಮಾಧಾನ ಬೇಗ ಸಿಗುತ್ತದೆ.

ಖಣಿಯ ಧಣಿಯೂ ಊರು ಬಿಟ್ಟಿದ್ದ. ನೀರು ಎತ್ತುವ ಎಂಜಿನ್ನಿನ ಭಾಗಗಳನ್ನು ಒಬ್ಬೊಬ್ಬರು ಒಂದೊಂದು ಬಿಚ್ಚಿಕೊಂಡು ಹೋದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಖಣಿ ಬಾಯಿಮಟ ತುಂಬಿ ಕೆರೆಯಾಯಿತು. ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯತೊಡಗಿದರು. ಮೂರನೆಯ ಮೆಟ್ಟಿಲಿನ ಮೇಲೆ ಒಟ್ಟಿದ್ದ ಫರ್ಸಿಯ ಜೋಡಿಗಳು ಒಟ್ಟಿದ ಹಾಗೇ ಮೂರಾಳು ನೀರಿನಡಿಯಲ್ಲಿ ನಿಂತವು.

ಐವತ್ತರ ಬೇಸಗೆಗೆ ಹೊಸ ಗುತ್ತೇದಾರನೊಬ್ಬ ಬಂದ. ನೀರು ಬತ್ತಿಸಿ ಖಣಿ ನಡೆಸುತ್ತೇನೆ, ಎಲ್ಲರಿಗೂ ಕೆಲಸ ಎಂದ. ಎಂಜಿನ್ನು ಬರುವವರೆಗೆ ತಳದಲ್ಲಿರುವ ತಯಾರಿ ಮಾಲು ಎತ್ತೋಣ, ಮುಳುಗುವವರು ಯಾರಿದ್ದೀರಿ ಎಂದು ಕೇಳಿದ. ಜನ ನನ್ನ ಕಡೆ ಬೆರಳು ಮಾಡಿದರು. ಅಲ್ಲಿಂದ ನನಗೆ ನೀರುಕಾಗೆ ಎಂದು ಹೆಸರು ಬಿತ್ತು.

ಕೆಲಸ ಹೀಗೆ. ಗುಂಡುಕಲ್ಲು ತಬ್ಬಿಕೊಂಡು ದಂಡೆಯಿಂದ ಇಳಿಯುವುದು. ಮೊದಲ ಮೆಟ್ಟಿಲಿಗೆ ನೀರು ಬೆಚ್ಚಗೆ, ಎರಡನೆಯದಕ್ಕೆ ತಣ್ಣಗೆ, ಮೂರನೆಯದಕ್ಕೆ ಮೂಳೆ ಕೊರೆಯುತ್ತದೆ. ಕಿವಿಯಲ್ಲಿ ಯಾರೋ ಉಳಿ ಬಡಿದ ಹಾಗೆ ನೋವು. ಅಲ್ಲಿ ಕಲ್ಲು ಬಿಟ್ಟು, ಕೈಯಾಡಿಸಿ ಒಂದು ಜೋಡಿ ಹುಡುಕಿ, ಹಗ್ಗದ ಕೊಕ್ಕೆ ಅದರ ಕಟ್ಟಿಗೆ ಸಿಕ್ಕಿಸಿ, ಎರಡು ಸಲ ಜಗ್ಗಿ ಮೇಲೆ ಬರುವುದು. ದಂಡೆಯ ಮೇಲೆ ಎತ್ತುಗಳು ಹಗ್ಗ ಎಳೆಯುತ್ತಿದ್ದವು. ಒಂದು ಉಸಿರಿಗೆ ಒಂದು ಜೋಡಿ. ಸಂಜೆ ಮೂಗಿನಿಂದ ರಕ್ತ ಬರುತ್ತಿತ್ತು. ಅವ್ವ ಬಿಸಿ ಬೂದಿಯ ಗಂಟು ಕಿವಿಗೆ ಒತ್ತುತ್ತಿದ್ದಳು.

ಆದರೂ ಒಂದು ಮಾತು ಹೇಳಬೇಕು, ಕೆಳಗೆ ನನಗೆ ಹೆದರಿಕೆ ಇರಲಿಲ್ಲ. ಅದು ನಾನೇ ಕಡಿದ ಖಣಿ. ಯಾವ ಮೂಲೆ ಎಲ್ಲಿ ತಿರುಗುತ್ತದೆ ಎಂದು ಕಾಲಿಗೆ ಗೊತ್ತಿತ್ತು. ಕಲ್ಲು ಸಾಗಿಸುವ ತಳ್ಳುಬಂಡಿ ಅರ್ಧ ತುಂಬಿ ನಿಂತಲ್ಲೇ ನಿಂತಿತ್ತು. ನಾವು ಊಟಕ್ಕೆ ಕೂರುತ್ತಿದ್ದ ತಗಡಿನ ಚಪ್ಪರ ಇತ್ತು. ಅದರೊಳಗೆ ಕೈ ಹಾಕಿದರೆ ಚಹದ ಕೆಟಲಿ ಸಿಕ್ಕಿತು, ಅದರೊಳಗಿಂದ ಮೀನು ಜಾರಿತು. ಜನ ಭಯಕ್ಕೆ ಎಸೆದ ವಸ್ತುಗಳೂ ಇದ್ದವು. ಹಿತ್ತಾಳೆಯ ಕೊಡ, ಒಂದು ಸೈಕಲ್ಲು, ಬಟ್ಟೆಯಲ್ಲಿ ಸುತ್ತಿದ ಕತ್ತಿಗಳು. ಬಾವಿಗೆ ಬಿದ್ದ ಕೊಡವಾದರೆ ಪಾತಾಳಗರಡಿ ಬಿಟ್ಟು ಎತ್ತಬಹುದು, ಇಲ್ಲಿ ಮನುಷ್ಯನೇ ಪಾತಾಳಗರಡಿ. ಕೊಡ ಸಿಕ್ಕರೆ ತರುತ್ತಿದ್ದೆ. ಕತ್ತಿಯನ್ನು ಇದ್ದಲ್ಲೇ ಬಿಡುತ್ತಿದ್ದೆ. ಮೇಲೆ ತಂದರೆ ಯಾರದೆಂದು ಕೇಳುತ್ತಾರೆ, ಯಾರದೆಂದು ಎಲ್ಲರಿಗೂ ಗೊತ್ತು.

ಎರಡು ತಿಂಗಳಲ್ಲಿ ಮೂರನೆಯ ಮೆಟ್ಟಿಲು ಬರಿದಾಯಿತು. ಜೋಡಿಗಳು ಪಾಚಿ ಹಿಡಿದು ಜಾರುತ್ತಿದ್ದವು. ಒಂದನ್ನೂ ನಾನು ಬಿಚ್ಚಲಿಲ್ಲ, ಎತ್ತು ಹೊಡೆಯುವವರಿಗೂ ಬಿಚ್ಚಗೊಡಲಿಲ್ಲ. ಹೊಳಪು ಹೇಗಿದೆ ನೋಡೋಣ ಎಂದು ಗುತ್ತೇದಾರ ಒಮ್ಮೆ ಹಗ್ಗಕ್ಕೆ ಕೈ ಹಾಕಿದಾಗ ಅವನ ಮೇಲೇ ರೇಗಿದೆ. "ಜೋಡಿ ಬಿಚ್ಚಬಾರದ್ರಿ. ಮುಖಾ ಕೆಡ್ತದ." ಕಲಿಸಿದ ಗುರು ಇಲ್ಲದಿದ್ದರೂ ವಿದ್ಯೆ ಬಿಡಲಿಲ್ಲ ಎಂದು ನನಗೆ ನನ್ನ ಮೇಲೇ ಹೆಮ್ಮೆ. ಮಾಲು ವಾಡಿಗೆ, ಚಿತ್ತಾಪುರಕ್ಕೆ, ಸೇಡಂಗೆ ಹೋಯಿತು. ಗುತ್ತೇದಾರನೂ ಹೋದ. ಎಂಜಿನ್ನು ಬರಲೇ ಇಲ್ಲ. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಬಿದ್ದ ಎನ್ನುತ್ತಾರಲ್ಲ, ಆ ಗಾದೆಯ ಉಳಿದರ್ಧ ಮರುವರ್ಷ ನನ್ನ ಬಾಗಿಲಿಗೆ ಬಂತು.

ಐವತ್ತೊಂದರ ಬೇಸಗೆಯಲ್ಲಿ ಚಾಚಾ ಬಂದರು. ಗಡ್ಡ ಪೂರಾ ಬೆಳ್ಳಗಾಗಿತ್ತು. ಈ ಸಲ ಬಾಗಿಲು ನಾನೇ ತೆರೆದೆ. ಅಂದು ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. ನೀರು ಕುಡಿದು, ಗಡ್ಡ ಒರೆಸಿಕೊಂಡು, ನೇರ ವಿಷಯಕ್ಕೆ ಬಂದರು.

"ಅಕಿ ಕಲ್ಲು ಖಣಿಯಾಗ ಇಟ್ಟು ಹೋಗೀನಿ, ಬೇಟಾ. ಖಬರಸ್ತಾನದಾಗ ಕಲ್ಲು ಒಡೀಲಿಕತ್ತಿದ್ರು. ಮನ್ಯಾಗ ಇಟ್ರ ಮನಿಗೇ ಭರೋಸಾ ಇರಲಿಲ್ಲ. ಕಲ್ಲು ಮುಚ್ಚಿಡಬೇಕಂದ್ರ ಕಲ್ಲಿನ ನಡುವೇ ಇಡಬೇಕು. ಮ್ಯಾಲ ಇನ್ನೊಂದು ಫರ್ಸಿ ಇಟ್ಟು, ಮುಖಕ್ಕ ಮುಖಾ ಹಚ್ಚಿ, ಜೋಡಿ ಕಟ್ಟಿ ಮೂರನೇ ಮೆಟ್ಟಿಲ ಮ್ಯಾಲ ಇಟ್ಟೆ. ನೀ ಸಿಗಲಿಲ್ಲ, ಅಕಿ ತಮ್ಮನ್ನ ಕರಕೊಂಡು ಇಳಿಸಿದೆ. ಈಗ ನೀರು ತುಂಬ್ಯದ. ನೀ ಮುಳುಗ್ತಿ ಅಂತ ಕೇಳೀನಿ. ನನಗ ಅದೊಂದು ಎತ್ತಿ ಕೊಡು. ಅಕಿ ತಲಿ ಹತ್ರ ಬರೇ ಮಣ್ಣದ."

ಇಬ್ಬರ ಕೆಲಸ ಯಾವುದೆಂದು ಮೂರು ವರ್ಷದ ಮೇಲೆ ತಿಳಿಯಿತು. ಅಂದು ಚೀಲದ ಹಿಂದಿನಿಂದ ಎದ್ದು ಬಂದಿದ್ದರೆ ಆ ಜೋಡಿ ಎಲ್ಲಿದೆ ಎಂದು ನನಗೆ ಗೊತ್ತಿರುತ್ತಿತ್ತು. ಮೂರನೆಯ ಮೆಟ್ಟಿಲಿನಲ್ಲಿ ಈಗ ಒಂದು ಜೋಡಿಯೂ ಇಲ್ಲ. ಎಲ್ಲವನ್ನೂ ಈ ಕೈಯೇ ಕೊಕ್ಕೆ ಹಾಕಿ ಕಳಿಸಿದೆ.

"ಎಂಟ್ ದಿನಾ ಕೊಡ್ರಿ ಚಾಚಾ," ಎಂದೆ.

ಅವರು ಶಹಾಬಾದದ ಮಸೀದಿಯಲ್ಲಿ ಉಳಿದರು. ನಾನು ಕಲ್ಲು ಹುಡುಕಲು ಹೊರಟೆ. ಅಂಚಿನ ಗುರುತು ಒಂದೇ ಆಧಾರ. ಚಾಚಾರ ಗುರುತು ಒಂದು ಗೆರೆ, ಮೂರು ಚುಕ್ಕಿ. ಅವರು ಉಳಿ ಬಿಟ್ಟು ಎಷ್ಟೋ ವರ್ಷವಾಗಿದ್ದರಿಂದ ಆ ಗುರುತಿನ ಹೊಸ ಕಲ್ಲು ಅದೊಂದೇ ಇರಬೇಕು. ವಾಡಿಯಲ್ಲಿ, ಚಿತ್ತಾಪುರದಲ್ಲಿ ಕಂಡವರ ಮನೆಯ ಮುಂದೆ ಬಗ್ಗಿ ಅಂಚು ನೋಡುತ್ತ ತಿರುಗಿದೆ. ನಾಯಿಗಳು ಬೊಗಳಿದವು. ಕಳ್ಳನೆಂದು ಒಬ್ಬ ಕೋಲು ತೆಗೆದುಕೊಂಡ. ಆರನೆಯ ದಿನ ಸೇಡಂನಲ್ಲಿ, ಒಬ್ಬ ಬಟ್ಟೆ ವ್ಯಾಪಾರಿಯ ಹೊಸ ಮನೆಯ ಮುಂಬಾಗಿಲಿನ ಮೆಟ್ಟಿಲಿನಲ್ಲಿ ಅದು ಸಿಕ್ಕಿತು. ಒಂದು ಗೆರೆ, ಮೂರು ಚುಕ್ಕಿ. ಮೇಲೆ ಒರಟು ಬೆನ್ನು, ಮುಖ ಕೆಳಗೆ.

ಕಲ್ಲು ಹಾಸಿದ ಗೌಂಡಿ ಅದೇ ಓಣಿಯಲ್ಲಿದ್ದ. ಕೇಳಿದರೆ ಸಲೀಸಾಗಿ ಹೇಳಿದ: "ಹೌದಪಾ, ಜೋಡಿ ಬಿಚ್ಚಿದ್ರ ಒಂದರಾಗ ಉರ್ದು ಬರದಿತ್ತು. ಯಾವುದೋ ಕಚೇರಿ ಬೋರ್ಡಿರಬೇಕಂತ ತಿಳಕೊಂಡೆ. ಆ ಸರಕಾರನೇ ಹೋತು, ಬೋರ್ಡ್ ತಗೊಂಡು ಏನ್ ಮಾಡೋದು? ಒಳ್ಳೆ ಕಲ್ಲು, ಕೆಡಸ್ಯಾಕ ಅಂತ ಡಬ್ ಹಾಕಿ ಕೂಡಿಸಿದೆ."

ಅವನ ಮೇಲೆ ಸಿಟ್ಟು ಮಾಡಲು ಹೋದೆ, ಆಗಲಿಲ್ಲ. ಆ ವರ್ಷಗಳಲ್ಲಿ ಎಲ್ಲ ಕಡೆಯೂ ಬೋರ್ಡುಗಳನ್ನು ಅಳಿಸಿ ಬರೆಯುತ್ತಿದ್ದರು. ಅವನು ಜೋಡಿ ಬಿಚ್ಚಿಯಾದರೂ ನೋಡಿದ್ದ. ನಾನು ನೋಡಿರಲಿಲ್ಲ.

ವ್ಯಾಪಾರಿಯನ್ನು ಮಾತಾಡಿಸಿದೆ. ನಮ್ಮವರೇ, ಹಣೆ ತುಂಬ ವಿಭೂತಿ. ಕಲ್ಲು ಹೇಗಿದೆ ನೋಡಲು ಬಂದೆ ಎಂದೆ. ಖುಷಿಯಿಂದ ಒಳಗೆ ಕರೆದು ಚಹ ಕೊಟ್ಟರು. ನಾನು ಆ ಮೆಟ್ಟಿಲು ತುಳಿದೇ ಒಳಗೆ ಹೋದೆ. ಮಾತಿನ ನಡುವೆ, ಒಂದು ವೇಳೆ ಇದರಲ್ಲಿ ಯಾವುದಾದರೂ ಗೋರಿ ಕಲ್ಲು ಸೇರಿಬಿಟ್ಟಿದ್ದರೆ ಎಂದು ನಗುತ್ತ ಕೇಳಿದೆ. ಅವರು ನಗಲಿಲ್ಲ.

"ಬಿಡ್ತು ಅನ್ನಪಾ. ಹಂಗೇನಾರ ಇದ್ರ ಹಾರೆ ಹಾಕಿ ಕಿತ್ತು, ಅಲ್ಲೇ ಒಡದು ಹಳ್ಳಕ್ಕ ಚೆಲ್ತೀನಿ. ಸೊಸಿ ಬಸುರಿ ಇದ್ದಾಳ."

ಅಷ್ಟಾಯಿತು. ಹೇಳಿದರೆ ಕಲ್ಲು ಪುಡಿಯಾಗುತ್ತದೆ, ಹೇಳದಿದ್ದರೆ ಕಾಲಡಿಯಲ್ಲಿ ಉಳಿಯುತ್ತದೆ. ನನ್ನ ಹೆಸರಿಗೆ ಏನೂ ಆಗಬಾರದು ಎಂಬ ಮೂರನೆಯ ವಿಚಾರವೂ ನನ್ನ ತಲೆಯಲ್ಲಿತ್ತು. ಅದನ್ನು ಈಗ ಮುಚ್ಚಿಡುವುದು ಬೇಡ, ವಯಸ್ಸಾಯಿತು.

ತಿರುಗಿ ಬಂದು ಚಾಚಾರನ್ನು ಖಣಿಯ ದಂಡೆಗೆ ಕರೆತಂದು ಹೇಳಿದೆ: ಕಲ್ಲು ಮೂರನೆಯ ಮೆಟ್ಟಿಲಿನಲ್ಲೇ ಇದೆ, ಆದರೆ ಮೇಲಿನ ದಂಡೆ ಕುಸಿದು ಅರ್ಧ ಹೂತಿದೆ, ಎತ್ತಲು ಸಾಧ್ಯವಿಲ್ಲ.

ಅವರು ಬಗ್ಗಿ ನೀರು ನೋಡಿದರು. ಆಮೇಲೆ ಅವರ ಮುಖ ಹಗುರಾಯಿತು. "ಇರಲಿ ಬಿಡು. ಅಲ್ಲಿ ಯಾರೂ ಒಡಿಯಂಗಿಲ್ಲ. ಯಾರೂ ತುಳಿಯಂಗಿಲ್ಲ," ಎಂದರು.

ಮರುದಿನ ಶಹಾಬಾದದಿಂದ ಗುಲಾಬಿ ತಂದರು. ಕಲ್ಲಿನ ಮೇಲೆ ಇಟ್ಟು ಬಾ ಎಂದರು. ದಂಡೆಯಲ್ಲಿ ಲಂಗೋಟಿ ಬಿಗಿದುಕೊಳ್ಳುವಾಗ ಹಳೆಯ ರೂಢಿಯಂತೆ ಕೇಳಿದರು, "ಲಿಂಗಾ ಬಿಗಿ ಕಟ್ಟಿಯೇನೋ?" ನಾನು ಹೂವು ಹಿಡಿದು ಮುಳುಗಿದೆ. ಬರಿದಾದ ಮೆಟ್ಟಿಲಿನ ಮೇಲೆ ಕೆಸರು ಮಾತ್ರ ಇತ್ತು. ಅಲ್ಲಿ ಹೂ ಬಿಟ್ಟು ಮೇಲೆ ಬಂದರೆ, ಪಕಳೆಗಳು ನನ್ನ ಹಿಂದೆಯೇ ಒಂದೊಂದಾಗಿ ತೇಲಿ ಬಂದವು. ಚಾಚಾ ಅದನ್ನು ನೋಡಿ, "ಅಕಿಗೆ ನನ್ನ ಮ್ಯಾಲ ಸಿಟ್ಟದ, ಬಿಟ್ಟು ಹೋಗೀನಲ್ಲ," ಎಂದು ಅತ್ತರು. ಅವರು ಅತ್ತದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ಮುಂದಿನ ವರ್ಷದಿಂದ ಹೂವನ್ನು ಬಟ್ಟೆಯಲ್ಲಿ ಕಟ್ಟಿ, ಒಳಗೊಂದು ಹರಳು ಹಾಕಿ ಒಯ್ಯುತ್ತಿದ್ದೆ. ಸುಳ್ಳಿಗೂ ಭಾರ ಕಟ್ಟಬೇಕಾಗುತ್ತದೆ.

ಹೀಗೆ ಐದು ಬೇಸಗೆ. ಚಾಚಾ ಹೈದರಾಬಾದಿನಿಂದ ರೈಲಿನಲ್ಲಿ ಬರುತ್ತಿದ್ದರು, ಕೈಯಲ್ಲಿ ಹೂವಿನ ಪೊಟ್ಟಣ, ನನ್ನ ಅವ್ವನಿಗೆಂದು ಒಂದು ಡಬ್ಬಿ ಬಿಸ್ಕತ್ತು. ಅವ್ವನಿಗೆ ಎಲ್ಲ ಹೇಳಿದ್ದೆ. ಅವಳು ಅದನ್ನು ತಿನ್ನುತ್ತಿರಲಿಲ್ಲ, ನನ್ನ ಕಡೆ ನೋಡಿ ಗೂಡಿನಲ್ಲಿ ಎತ್ತಿಡುತ್ತಿದ್ದಳು. ಖರೆ ಹೇಳಿಬಿಡೋ ಎಂದು ಎರಡು ಸಲ ಅಂದಳು. ಹೇಳಿದರೆ ಆ ಮುದುಕರ ಜೀವ ಉಳಿಯುವುದಿಲ್ಲ ಎಂದೆ. ನನ್ನ ಜೀವದ ಮಾತನ್ನು ಅವರ ಜೀವದ ಮೇಲೆ ಹೊರಿಸಿದೆ.

ಐವತ್ತೈದರಲ್ಲಿ ಬಂದಾಗ ಅವರ ಕಣ್ಣು ಮಂಜಾಗಿದ್ದವು. ನೀರು ಅಕ್ಷರಗಳನ್ನು ತಿಂದಿರಬಹುದೇ ಎಂಬ ಚಿಂತೆ ಅವರಿಗೆ ಹತ್ತಿತ್ತು. ನನಗೆ ಉರ್ದು ಬರುವುದಿಲ್ಲ. ಆದ್ದರಿಂದ ನನ್ನ ಅಂಗೈ ಹಿಡಿದು, ಬೆರಳಿನಿಂದ ಆ ಹೆಸರಿನ ಮೊದಲ ಅಕ್ಷರ ಬರೆದರು. ಕುಡುಗೋಲಿನ ಹಾಗೆ ಬಾಗಿದ ಒಂದು ಗೆರೆ, ಅದರಡಿಗೆ ಒಂದು ಚುಕ್ಕಿ. ಮತ್ತೆ ಮತ್ತೆ ಬರೆದು, ನನ್ನಿಂದ ಮರಳಿನ ಮೇಲೆ ಬರೆಸಿ, ಸರಿಯಾಯಿತು ಎಂದ ಮೇಲೆ ಬಿಟ್ಟರು.

"ಕೈಯಾಡಿಸಿ ನೋಡು. ಇದು ಸಿಕ್ರ ಎಲ್ಲಾ ಸಿಕ್ಕಂಗ."

ಮುಳುಗಿದೆ. ಹೂವಿನ ಗಂಟು ಕೆಸರಿನ ಮೇಲಿಟ್ಟೆ. ಹಿಂದಿನ ವರ್ಷದ ಗಂಟಿನ ಹರಳು ಕೈಗೆ ತಗುಲಿತು. ಉಸಿರು ಮುಗಿಯುವವರೆಗೆ ಅಲ್ಲೇ ಕೂತೆ, ಬೇಗ ಬಂದರೆ ನಂಬುವುದಿಲ್ಲ ಎಂದು. ಮೇಲೆ ಬಂದು ದಂಡೆ ಹಿಡಿದು ಏದುಸಿರು ಬಿಡುತ್ತ, "ಸಿಕ್ಕಿತ್ರಿ ಚಾಚಾ. ಕುಡುಗೋಲು, ಕೆಳಗ ಚುಕ್ಕಿ. ಏನೂ ಸವದಿಲ್ಲ," ಎಂದೆ.

ಚಾಚಾ ನನ್ನ ಕಡೆ ಬಾಗಿದರು. ಆಮೇಲೆ ಮೆಲ್ಲಗೆ ಕೇಳಿದರು, "ಜೋಡಿ ಬಿಚ್ಚಿದೇನು?"

ಆ ಪ್ರಶ್ನೆಗೆ ನನ್ನ ಬಾಯಿಯಲ್ಲಿ ಒಂದೇ ಉತ್ತರ ಇತ್ತು, ಕಪಾಳದ ಏಟಿನ ಜೊತೆ ಕಲಿತದ್ದು. ಯೋಚಿಸುವ ಮುಂಚೆ ಬಂದುಬಿಟ್ಟಿತು.

"ಇಲ್ರಿ ಚಾಚಾ! ಜೋಡಿ ನಾ ಹ್ಯಾಂಗ ಬಿಚ್ಚಲಿ? ನೀವೇ ಕಲಿಸೀರಲ್ಲ."

"ಬಿಚ್ಚದ ಜೋಡಿ ಒಳಗಿನ ಅಕ್ಷರ ನಿನ್ನ ಕೈಗೆ ಹ್ಯಾಂಗ ಸಿಕ್ತೋ?"

ನೀರಿನಲ್ಲೇ ನಿಂತಿದ್ದೆ. ಕಾಲಿನ ಕೆಳಗೆ ಮೊದಲ ಮೆಟ್ಟಿಲು ಇತ್ತು, ಜಾರುತ್ತಿತ್ತು. ಅಲ್ಲಿಯೇ ನಿಂತು ಎಲ್ಲವನ್ನೂ ಹೇಳಿದೆ. ಜೋಳದ ಚೀಲದಿಂದ ಹಿಡಿದು ಸೇಡಂನ ಮೆಟ್ಟಿಲಿನವರೆಗೆ, ವ್ಯಾಪಾರಿ ಆಡಿದ ಮಾತಿನ ಸಮೇತ. ಮುಗಿದ ಮೇಲೆ ಅವರು ಎರಡೇ ಮಾತು ಕೇಳಿದರು.

"ಮುಖಾ ಕೆಳಗದ?"

"ಹೂಂರಿ."

"ಐದು ವರ್ಷ ಹೂವಾ ಎಲ್ಲಿ ಇಟ್ಟಿ?"

"ಆ ಜಾಗಾದಾಗೇ, ಚಾಚಾ. ಬರೇ ಕೆಸರಿನ ಮ್ಯಾಲ."

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಅವರ ಕಾಲು ಹಿಡಿದು ಬದುಕುತ್ತಿದ್ದೆ. ಅವರು ಎದ್ದು ಚಪ್ಪಲಿ ಹಾಕಿಕೊಂಡರು. ಚೀಲ ಹೊರಲು ಕೈ ಚಾಚಿದೆ, ಕೊಡಲಿಲ್ಲ. ಸ್ಟೇಷನ್ನಿನ ದಾರಿಯಲ್ಲಿ ಅವರು ಒಬ್ಬರೇ ನಡೆದುಹೋದರು. ಅವ್ವನಿಗೆ ತಂದ ಬಿಸ್ಕತ್ತಿನ ಡಬ್ಬಿ ದಂಡೆಯ ಮೇಲೆ ಉಳಿಯಿತು.

ಮರುವರ್ಷ ಬೇಸಗೆಯಲ್ಲಿ ಅವರು ಬರಲಿಲ್ಲ. ನವೆಂಬರಿನಲ್ಲಿ ಹೈದರಾಬಾದ್ ರಾಜ್ಯವೇ ಇಲ್ಲವಾಯಿತು, ನಾವು ಮೈಸೂರಿಗೆ ಸೇರಿದೆವು ಎಂದು ಪೇಡೆ ಹಂಚಿದರು. ಬೋರ್ಡುಗಳನ್ನು ಮತ್ತೆ ಬದಲಿಸಿದರು. ಕಲ್ಲಿನ ಕೆಲಸದ ಮೇಲೆ ನಾನು ಸೇಡಂಗೆ ಹೋದದ್ದು ಆ ತಿಂಗಳು. ಪೇಟೆಯಲ್ಲಿ ವ್ಯಾಪಾರಿ ಸಿಕ್ಕರು. ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಕೇಳಿದೆ.

"ಭಾಳ ಚಲೋ ಅದಪಾ," ಎಂದರು. "ನಿಂಗೊಂದು ಹೇಳ್ತೀನಿ. ಒಬ್ಬ ಮುದುಕ ಸಾಬ ಮಸೀದಿ ಕಡೆ ಬಂದು ಉಳದಾನ. ಶುಕ್ರವಾರಕ್ಕೊಮ್ಮೆ ನಮಾಜ್ ಮುಗಿಸಿ ಬಂದು ನಮ್ಮ ಮೆಟ್ಟಿಲ ಹತ್ರ ಕುಂದರ್ತಾನ. ಏನೂ ಬೇಡಂಗಿಲ್ಲ. ಮೆಟ್ಟಿಲ ಮುಟ್ಟಿ ಹೋಗ್ತಾನ. ನಮ್ಮ ಮನಿ ಮ್ಯಾಲ ಅಂವಗ ಭಾಳ ಭಕ್ತಿ. ಸೊಸಿ ಎರಡು ರೊಟ್ಟಿ ಕೊಡ್ತಾಳ, ಪುಣ್ಯದ ಕೆಲಸ."

ಅಂದು ಬುಧವಾರ. ನಾನು ಎರಡು ದಿನ ಉಳಿದೆ.

ಶುಕ್ರವಾರ ಮಧ್ಯಾಹ್ನ ಎದುರಿನ ಚಹದಂಗಡಿಯ ಬೆಂಚಿನ ಮೇಲೆ ಕೂತೆ. ಚಾಚಾ ಬಂದರು. ಮೆಟ್ಟಿಲಿನ ಮೇಲೆ ಅಲ್ಲ, ಅದರ ಪಕ್ಕ ನೆಲದ ಮೇಲೆ ಕೂತರು. ಕೈಯನ್ನು ಅಂಚಿನ ಮೇಲೆ ಇಟ್ಟರು. ಹೆಬ್ಬೆರಳು ಆಚೀಚೆ ಆಡುತ್ತಿತ್ತು. ಒಂದು ಗೆರೆ, ಮೂರು ಚುಕ್ಕಿ. ಮನೆಯ ಮಕ್ಕಳು ಆ ಮೆಟ್ಟಿಲು ಹತ್ತಿ ಇಳಿದು ಆಡುತ್ತಿದ್ದವು. ಒಂದು ಕೂಸು ಅವರ ಹೆಗಲು ಹಿಡಿದು ಹತ್ತಿತು, ಬೀಳದ ಹಾಗೆ ಅವರು ಅದರ ಕಾಲಿಗೆ ಕೈ ಆಸರೆ ಕೊಟ್ಟರು. ಸೊಸೆ ರೊಟ್ಟಿ ತಂದಳು. ಖಣಿಯಲ್ಲಿ ನೂರು ಆಳುಗಳನ್ನು ನಿಲ್ಲಿಸಿ ಮಾತಾಡಿಸುತ್ತಿದ್ದ ಮುಕಾದಮರು ಎರಡೂ ಕೈ ಚಾಚಿ ರೊಟ್ಟಿ ತೆಗೆದುಕೊಂಡರು. ನನಗೆ ಎದ್ದು ಓಡಿಹೋಗಬೇಕೆನಿಸಿತು.

ಅಷ್ಟರಲ್ಲಿ ವ್ಯಾಪಾರಿ ಒಳಗಿನಿಂದ ನನ್ನನ್ನು ಕಂಡರು. "ಅರೆ, ಅಲ್ಲ್ಯಾಕ ಕುಂತಿ? ಬಾ, ಒಳಗ ಬಾ," ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದರು. ಬೇಡ ಎಂದರೆ ಕೇಳುವವರಲ್ಲ. ಇಳಿದೇ ಬರುವುದರಲ್ಲಿದ್ದರು. ನಾನು ರಸ್ತೆ ದಾಟಿದೆ.

ಚಾಚಾ ತಲೆ ಎತ್ತಿ ನೋಡಿದರು. ಆ ಮಂಜುಗಣ್ಣಿಗೆ ನಾನು ಯಾರೆಂದು ತಿಳಿಯಿತು, ಅದು ನನಗೂ ತಿಳಿಯಿತು. ಮತ್ತೆ ಕಲ್ಲಿನ ಅಂಚಿಗೆ ಹಚ್ಚಿದ್ದ ಕೈಯನ್ನು ತೆಗೆದರು. ಮೊಣಕಾಲು ಮಡಚಿ ಹತ್ತಿರ ಎಳೆದುಕೊಂಡು, ನಾನು ಮೆಟ್ಟಿಲು ಹತ್ತಲೆಂದು ದಾರಿ ಬಿಟ್ಟರು.